ಡುಮ್ಮಿಯ ನೆನಪಿನ ಶಕ್ತಿ

"ಡುಮ್ಮೀ... ಇಲ್ಲಿ ನೋಡೇ, ಡುಮ್ಮೀ..." ಎಂದು ಹತ್ತನೆಯ ಸಲ ಕೂಗಿದರೂ ಕರಡಿ ಇತ್ತ ತಿರುಗಲಿಲ್ಲ. ಕಂದಕದ ಆಚೆ, ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಎತ್ತರದ ಅಟ್ಟಣೆಯ ಮೇಲೆ, ಜನರಿಗೆ ಬೆನ್ನು ಹಾಕಿ ಹಾಯಾಗಿ ಬಿದ್ದುಕೊಂಡಿತ್ತು. ಒಂದು ಕಿವಿ ಮಾತ್ರ ಅಲ್ಲಾಡಿತು, ಅದೂ ನೊಣ ಕೂತದ್ದಕ್ಕೆ.

ಕೂಗುತ್ತಿದ್ದವನೇನು ಸಾಮಾನ್ಯದವನಲ್ಲ. ತನ್ನೂರಿನ ಸಣ್ಣ ಮೃಗಾಲಯದಲ್ಲಿ ಇಪ್ಪತ್ತು ವರ್ಷದಿಂದ ಪ್ರಾಣಿಗಳಿಗೆ ಉಣಿಸಿ, ಬೋನು ತೊಳೆಯುತ್ತಾ ಬಂದವನು. ತಾಯಿ ಇಲ್ಲದ ಈ ಮರಿಯನ್ನು ಅಂಗೈಯಗಲ ಇದ್ದಾಗ ಮನೆಗೆ ತಂದು, ಎರಡು ಗಂಟೆಗೊಮ್ಮೆ ಬಾಟಲಿ ಹಾಲು ಕುಡಿಸಿ, ಹತ್ತು ತಿಂಗಳು ಬಚ್ಚಲುಮನೆಯಲ್ಲಿ ಸಾಕಿದವನು. ಸಿಹಿ ಮಾತ್ರ ಮುಟ್ಟಿಸಬೇಡ ಎಂದು ವೈದ್ಯರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಆದರೂ ಅದ್ಯಾವ ಗಾಳಿ ಕುಡಿದು ಊದಿತೋ, ಮರಿಗೆ ಡುಮ್ಮಿ ಎಂದೇ ಹೆಸರು ಬಿತ್ತು, ಅವನಿಗೆ ವೈದ್ಯರಿಂದ ಬೈಗುಳವೂ ಬಿತ್ತು. ಆಮೇಲೆ ಮೇಲಿನವರ ಆದೇಶವಾಗಿ ಡುಮ್ಮಿ ಲಾರಿ ಹತ್ತಿ ಈ ದೊಡ್ಡ ನಗರದ ಮೃಗಾಲಯಕ್ಕೆ ಬಂತು. ಅದಾಗಿ ನಾಲ್ಕು ವರ್ಷ. ನಾಲ್ಕು ವರ್ಷವೂ ಅವನು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು: ನನ್ನ ದನಿ ಕಿವಿಗೆ ಬಿದ್ದರೆ ಸಾಕು, ಎಂಥ ನಿದ್ದೆಯಲ್ಲಿದ್ದರೂ ಎದ್ದು ಓಡಿ ಬರ್ತಾಳೆ.

ಮೂರು ದಿನದ ಪ್ರವಾಸ ಎಂದಾಗ ಹೆಂಡತಿ ಬಟ್ಟೆ ಅಂಗಡಿಗಳ ಬೀದಿಯ ಕನಸು ಕಂಡಿದ್ದಳು, ಮಗಳು ದೋಣಿ ಸವಾರಿಯ ಕನಸು. ಬಸ್ಸಿಳಿದು ಚೀಲ ಇಟ್ಟದ್ದೇ ತಡ, ಇಬ್ಬರನ್ನೂ ಇಲ್ಲಿಗೆ ಎಳೆದು ತಂದಿದ್ದ. ಆನೆ ನೋಡಲು ಬಿಡಲಿಲ್ಲ, ಜಿರಾಫೆಯ ಮುಂದೆ ನಿಲ್ಲಗೊಡಲಿಲ್ಲ. ವರ್ಷವಿಡೀ ಪ್ರಾಣಿಗಳ ಜೊತೆ ಇರುವ ಮನುಷ್ಯ ರಜೆ ಹಾಕಿ, ಟಿಕೆಟ್ ತೆಗೆದು ಮತ್ತೆ ಅವುಗಳ ಮುಖವನ್ನೇ ನೋಡಬೇಕೇ ಎಂದು ಹೆಂಡತಿ ದಾರಿಯುದ್ದಕ್ಕೂ ಗೊಣಗಿದಳು. ಡುಮ್ಮಿಯ ಮೇಲಂತೂ ಅವಳಿಗೆ ಹಳೇ ಸಿಟ್ಟು. ಎರಡು ಹಾಸಿಗೆ, ಒಂದು ಪರದೆ, ಲೆಕ್ಕವಿಲ್ಲದಷ್ಟು ಚಪ್ಪಲಿ ಅದರ ಹಲ್ಲಿಗೆ ಸಿಕ್ಕಿ ಚಿಂದಿಯಾಗಿದ್ದವು. ಅದು ಲಾರಿ ಹತ್ತಿದ ದಿನ, ಪೀಡೆ ತೊಲಗಿತು ಎಂದು ಹೇಳಿ ಇಡೀ ಮನೆ ತೊಳೆದವಳು ಅವಳು. ಈಗಲೂ ಕರಡಿಯ ಕಡೆ ಕಣ್ಣೆತ್ತಿ ನೋಡದೆ, ಹಿಂದಿನ ಕಲ್ಲುಬೆಂಚಿನ ಮೇಲೆ ಕೂತು ಪಾದ ನೀವಿಕೊಳ್ಳುತ್ತಿದ್ದಳು.

ಅವನು ಸಿಳ್ಳೆ ಹಾಕಿದ. ನಾಲಿಗೆ ಲೊಚಗುಟ್ಟಿಸಿದ. ಕೊನೆಗೆ ಯಾರಿಗೂ ಹೇಳದೆ ಅಂಗಿಯೊಳಗೆ ಬಚ್ಚಿಟ್ಟು ತಂದಿದ್ದ ಹಳೆಯ ಹಾಲಿನ ಬಾಟಲಿಯನ್ನು ತೆಗೆದು ಬೇಲಿಯ ಕಂಬಿಗೆ ಟಣಟಣ ಬಡಿದ. ಕ್ಯಾಮೆರಾ ಹಿಡಿದ ಒಬ್ಬ ದಢೂತಿ, ನಿಮ್ಮ ನೆಂಟರು ಮಾತು ಬಿಟ್ಟಿದ್ದಾರೇನೋ ಎಂದು ಕೇಳಿದ್ದಕ್ಕೆ ಸುತ್ತಲಿದ್ದವರು ಮುಸಿಮುಸಿ ನಕ್ಕರು. ಅವನ ಮುಖ ಹುಳ್ಳಗಾಯಿತು. ನಗುವವರ ಮಾತು ಹಾಗಿರಲಿ, ಎದೆಯ ಮೇಲೆ ಮಲಗಿಸಿಕೊಂಡು ಸಾಕಿದ್ದು ತನ್ನನ್ನು ಮರೆತೇಬಿಟ್ಟಿತಲ್ಲ ಎಂದುಕೊಂಡು ಬಾಟಲಿ ಕೆಳಗಿಳಿಸಿದ. "ಬಿಡು ಪುಟ್ಟಿ, ದೋಣಿ ಹತ್ರ ಹೋಗೋಣ" ಎಂದ.

ಮಗಳಿಗೆ ಅಪ್ಪನ ಮುಖ ನೋಡಲಾಗಲಿಲ್ಲ. ಇನ್ನೊಂದೇ ಸಲ ಎಂದು ಅವನ ಕೈಯಿಂದ ಬಾಟಲಿ ಕಸಿದುಕೊಂಡು, ಕರಡಿಗೆ ಚೆನ್ನಾಗಿ ಕಾಣಲೆಂದು ಸರಸರನೆ ಬೇಲಿಯ ಕಂಬಿ ಹತ್ತಿದಳು. ಬೆಂಚಿನ ಮೇಲಿದ್ದ ಅಮ್ಮ ತಿರುಗಿ ನೋಡಿದಳು.

"ಏಯ್! ಇಳೀತೀಯೋ, ಪೊರಕೆ ತರ್ಲೋ?"

ಮಗಳು ಇಳಿದಳು. ಅಟ್ಟಣೆಯ ಮೇಲಿದ್ದ ಕರಡಿಯೂ ದಡಬಡಿಸಿ ಎದ್ದು, ಹಿಂದುಹಿಂದಾಗಿ ಕಾಲಿಟ್ಟು, ದಿಮ್ಮಿ ತಬ್ಬಿಕೊಂಡು ಸರ್ರನೆ ಇಳಿದುಬಿಟ್ಟಿತು. ನಗುತ್ತಿದ್ದವರ ಬಾಯಿ ತೆರೆದಂತೆಯೇ ಇತ್ತು. ಅಡುಗೆಮನೆಯ ಅಟ್ಟ ಹತ್ತಿ ಕೂರುತ್ತಿದ್ದ ಮರಿಯನ್ನು ಅವಳು ದಿನಕ್ಕೆ ನಾಲ್ಕು ಸಲ ಇಳಿಸುತ್ತಿದ್ದದ್ದು ಇದೇ ಮಾತಿನಿಂದ. ಹಾಲು ಕುಡಿಸಿ ಮುದ್ದು ಮಾಡಿದವನನ್ನು ಬಿಟ್ಟು ಬೈದವಳ ದನಿಯನ್ನು ನೆನಪಿಟ್ಟುಕೊಂಡಿದೆಯಲ್ಲ ಎಂದು ಅವನಿಗೆ ಒಂದು ಕ್ಷಣ ಚುರುಕ್ ಎಂದಿತು. ಮರುಕ್ಷಣವೇ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ಕರಡಿ ನೇರ ಕಂದಕದ ಅಂಚಿಗೆ ಬಂದು, ತಪ್ಪು ಮಾಡಿದ ಮಗುವಿನ ಹಾಗೆ ತಲೆ ತಗ್ಗಿಸಿ ಕೂತಿತು. ಸ್ವಲ್ಪ ಹೊತ್ತು ಹಾಗೇ ಇದ್ದು, ತಲೆಯೆತ್ತಿ ಅವಳ ಕಡೆ ನೋಡುತ್ತಾ ಅಗಲಕ್ಕೆ ಬಾಯಿ ತೆರೆಯಿತು.

"ಅಪ್ಪ, ಯಾಕೆ ಹಾಗೆ ಬಾಯಿ ತೆಗ್ದಿದೆ?"

ಅಪ್ಪನಿಗೂ ಗೊತ್ತಿರಲಿಲ್ಲ. ಹಾಗೆ ಬಾಯಿ ತೆರೆದು ಕೂರುವುದನ್ನು ಅವನು ಹತ್ತು ತಿಂಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ. ಹೆಂಡತಿಯನ್ನು ಕೇಳೋಣವೆಂದು ತಿರುಗಿದ. ಅವಳು ಯಾವಾಗಲೋ ಬೆಂಚು ಬಿಟ್ಟು ಬೇಲಿಯ ಹತ್ತಿರ ಬಂದು ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು. ಬಲಗೈ ತಾನಾಗಿ ಕೈಚೀಲದೊಳಗೆ ಇಳಿದು ಬಿಸ್ಕತ್ತಿನ ಪೊಟ್ಟಣ ಹಿಡಿದಿತ್ತು. ಗಂಡ ನೋಡುತ್ತಿದ್ದಾನೆಂದು ತಿಳಿದದ್ದೇ ಕೈ ಹೊರಗೆಳೆದು, ಚೀಲದ ಬಾಯಿ ಮುಚ್ಚಿ, ಮೂಗು ಒರೆಸಿಕೊಂಡು ಕಂದಕದಾಚೆಗೆ ಮೆಲ್ಲಗೆ ಹೇಳಿದಳು:

"ಇವತ್ತಿಲ್ಲ ಕಣೇ. ನಿಮ್ಮಪ್ಪ ಇಲ್ಲೇ ನಿಂತಿದ್ದಾರೆ."