ಅಂಚಿನವರೆಗೆ

ಕೋರ್ಟಿನ ಹೊರಗೆ, ಹೊಂಗೆ ಮರದ ನೆರಳಲ್ಲಿ ಕೂತು ಅರ್ಜಿ ಟೈಪ್ ಮಾಡುವ ಮುದುಕನ ಎದುರಿಗೆ ಆಕೆ ಬಂದು ನಿಂತಳು. ಒಳಗೆ ಇಂಗ್ಲಿಷಿನಲ್ಲಿ ಕೇಳಿಸಿಕೊಂಡದ್ದನ್ನು ಹೊರಗೆ ಬಂದು ಇವನ ಬಾಯಲ್ಲಿ ಕನ್ನಡದಲ್ಲಿ ಕೇಳುವುದು ಅಲ್ಲಿಗೆ ಬರುವವರ ರೂಢಿ.

"ಡೈವೋರ್ಸು ಕೊಡಕ್ಕಾಗಲ್ಲ ಅಂದ್ರು ಸ್ವಾಮಿ. ಗಂಡ ಮಾಡಿದ್ದು 'ಬಾರ್ಡರಿಂಗ್ ಆನ್ ಕ್ರುಯೆಲ್ಟಿ' ಅಂದ್ರು. ಹಂಗಂದ್ರೇನು?"

"ಹಿಂಸೆಯ ಅಂಚಿನವರೆಗೆ ಬಂದಿದೆ ಅಂತ ಕಣಮ್ಮ. ಹಿಂಸೆ ಅನ್ನೋ ಹಂಗಿಲ್ಲ."

ಇಂಥ ಮುಖಗಳನ್ನು ನೋಡಿ ನೋಡಿ ಅವನ ಮನಸ್ಸು ಜಡ್ಡುಗಟ್ಟಿ ಹೋಗಿತ್ತು. ಆದರೂ ಒಂದು ಹನಿ ಕಣ್ಣೀರಿಲ್ಲದ ಈ ಹೆಂಗಸಿಗೆ ಯಾಕೋ ಸ್ಟೂಲು ಸರಿಸಿಕೊಟ್ಟ. ಆಕೆ ಕೂರಲಿಲ್ಲ.

"ಊಟ ಕೊಡದೆ ರೂಮಲ್ಲಿ ಕೂಡಾಕಿದ್ದು?"

"ಅದು ಅಂಚಿನವರೆಗೆ."

"ಚಳೀಲಿ ರಾತ್ರಿಯೆಲ್ಲ ಹಿತ್ತಲಲ್ಲಿ ನಿಲ್ಸಿದ್ದು?"

"ಅದೂ ಅಷ್ಟೇ."

"ಮತ್ತೆ ದಾಟಾದು ಯಾವಾಗ?"

ಮುದುಕ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡ. "ಮೈಮೇಲೆ ಗಾಯ ಇದ್ದು, ಡಾಕ್ಟ್ರು ನೋಡಿದ್ದಿದ್ರೆ ದಾಟ್ತಿತ್ತೇನೋ. ಏಟಿನ ಗುರುತು ಒಂದೂ ಇರಲಿಲ್ವೇನಮ್ಮ?"

"ಇಲ್ಲ ಸ್ವಾಮಿ."

"ಹಂಗಾದ್ರೆ ಕಷ್ಟ. ಈಗೆಲ್ಲಿಗೆ ಹೋಗ್ತೀಯ?"

"ಇನ್ನೆಲ್ಲಿಗೆ, ಮನೆಗೆ."

ಪಾಪ ಅನ್ನಿಸಿ ಅವನು ತಲೆ ತಗ್ಗಿಸಿದ. ಆಕೆ ಸೆರಗು ಸರಿಮಾಡಿಕೊಂಡು, ಗೇಟಿನ ಪಕ್ಕ ಕೊರಳ ತಾಳಿಯನ್ನು ಬಿಗಿಯಾಗಿ ಹಿಡಿದು ಕಲ್ಲಿನಂತೆ ನಿಂತಿದ್ದ ಹುಡುಗಿಯನ್ನು ಕೂಗಿದಳು.

"ನಡಿಯೇ ಮನೆಗೆ. ನನ್ನ ಮಗ ಗಾಯ ಮಾಡಲ್ಲ ಬಿಡು."