ಚಿಪ್ಪು ಬಿಡಿಸುವ ಕಲ್ಲು

ಕಡಲು ಇಳಿದು ಬಂಡೆಯ ಮೇಲಿನ ಹೆಜ್ಜೆಗುರುತುಗಳು ಕಂಡ ಕೂಡಲೇ, ಎಂದಿನಂತೆ, ಅವುಗಳನ್ನು ಮೂಡಿಸಿದವರೂ ಬಂದರು: ಆ ಕುಳ್ಳ ಹೆಂಗಸು, ಅವಳ ಮಗು. ನೀರು ಮತ್ತೆ ಏರುವವರೆಗೆ ಇಲ್ಲೇ ಇರುತ್ತಾರೆ.

ಪ್ರಮೀಳಾ ಖಾರ್ವಿ ಆ ಇಬ್ಬರಿಗೂ ನಮಸ್ಕಾರ ಹೇಳಿ, ಹೆಜ್ಜೆಯ ಬದಿಯ ಮರಳನ್ನು ಬೆಳಕು ತಾಗದಂತೆ ಕಪ್ಪು ಕೊಳವೆಗೆ ತುಂಬತೊಡಗಿದಳು. ಹೋದ ತಿಂಗಳು ಪರೀಕ್ಷಿಸಿದ ಮರಳು ಈ ಹೆಜ್ಜೆಗಳಿಗೆ ಒಂಬತ್ತು ಲಕ್ಷ ವರ್ಷ ಎಂದಿತ್ತು. ಇನ್ನೊಮ್ಮೆ ನೋಡಬೇಕಿತ್ತು.

ನಿನ್ನೆ ಆ ಹೆಂಗಸು ಕಲ್ಲಿನ ಅಲಗಿನಿಂದ ಮರುವಾಯಿ ಚಿಪ್ಪು ಬಿಡಿಸಿ ಒಳಗಿನ ಮಾಂಸವನ್ನು ಮಗುವಿಗೆ ತಿನ್ನಿಸಿದ್ದಳು. ಆಮೇಲೆ, ಸುಮ್ಮನೆ ಕೂತಿದ್ದ ಪ್ರಮೀಳಾಳಿಗೂ ಹಸಿವಿರಬೇಕೆಂದು, ಒಂದು ಚಿಪ್ಪನ್ನೂ ಆ ಕಲ್ಲನ್ನೂ ಮುಂದಿಟ್ಟಿದ್ದಳು. ಪ್ರಮೀಳಾ ಚಿಪ್ಪನ್ನು ಬದಿಗೆ ಸರಿಸಿ, ಕಲ್ಲನ್ನು ಚೀಲಕ್ಕೆ ಹಾಕಿ ನಂಬರು ಅಂಟಿಸಿದ್ದಳು.

ಇವತ್ತು ಹೆಂಗಸು ಚಿಪ್ಪನ್ನು ಹಲ್ಲಿನಿಂದ ಕಚ್ಚುತ್ತಿದ್ದಳು. ಮಗು ಅಳುತ್ತಿತ್ತು.

"ಐತಾಳರೇ, ನಿನ್ನೆಯ ಕಲ್ಲು ಎಲ್ಲುಂಟು?" ಪ್ರಮೀಳಾ ಜೊತೆಯ ವಿಜ್ಞಾನಿಯನ್ನು ಕೇಳಿದಳು.

"ಬೆಳಿಗ್ಗೆಯೇ ಮ್ಯೂಸಿಯಮ್ಮಿಗೆ ಹೋಯ್ತಲ್ಲ ಮಾರಾಯ್ರೆ! ಗಾಜಿನೊಳಗೆ ಇಡ್ತಾರಂತೆ. ಕೆಳಗೆ ನಿಮ್ಮ ಹೆಸರೂ ಹಾಕ್ತಾರೆ."

ನೆರೆಮನೆಯಿಂದ ತಂದ ಮೆಟ್ಟುಕತ್ತಿಯನ್ನು ತೊಳೆದೇ ಹಿಂದೆ ಕೊಡುವ ಮನೆಯಲ್ಲಿ ಬೆಳೆದವಳು ಪ್ರಮೀಳಾ. ತನ್ನ ಚಾಕುವನ್ನು ತೆಗೆದು ಹೆಂಗಸಿನ ಮುಂದಿಟ್ಟಳು. ಹೆಂಗಸು ಅದನ್ನು ಮೂಸಿ ನೋಡಿ, ನಿನ್ನದು ನಿನಗಿರಲಿ ಎಂಬಂತೆ ಹಿಂದಕ್ಕೆ ಸರಿಸಿದಳು.

ಕೊನೆಗೂ ಚಿಪ್ಪು ಬಿರಿಯಿತು. ಹೆಂಗಸು ತುಟಿಯ ರಕ್ತ ಒರೆಸಿಕೊಂಡು, ಒಳಗಿನ ಮಾಂಸವನ್ನು ಎರಡು ಮಾಡಿ ಅರ್ಧವನ್ನು ಮಗುವಿನ ಬಾಯಿಗಿಟ್ಟಳು. ಉಳಿದರ್ಧವನ್ನು ಪ್ರಮೀಳಾಳತ್ತ ಚಾಚಿದಳು.