ಬಾತ್‌ರೂಮಿನ ಚಿಲಕ

"ಆ ಬಾತ್‌ರೂಮಲ್ಲೇ ನಮ್ಮಮ್ಮ ತೀರಿಕೊಂಡ್ರು ಮೇಡಂ," ಎಂದು ವೃದ್ಧಾಶ್ರಮದ ಮ್ಯಾನೇಜರಮ್ಮನ ಎದುರು ಕೂತ ತಮ್ಮನು ತಲೆ ತಗ್ಗಿಸಿದಾಗ, ಪಕ್ಕದಲ್ಲಿದ್ದ ಅಕ್ಕನ ಕೈಯಲ್ಲಿದ್ದ ಚಿಲಕ ಜಾರಿ ಮೇಜಿನ ಗಾಜಿನ ಮೇಲೆ ಠಣ್ಣೆಂದು ಬಿತ್ತು.

ತೀರಿಕೊಂಡ ಅಮ್ಮ ಆ ಹೊತ್ತಿಗೆ ಮನೆಯ ಹಿಂದಿನ ವರ್ಕ್‌ಶಾಪಿನಲ್ಲಿ ಸ್ಟೂಲಿನ ಮೇಲೆ ಕೂತು, ಕೈತುಂಬ ಸೋಪು ಹಚ್ಚಿಕೊಂಡು, ಹೊಸ ಚಿಲಕಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಳು. ಬೆರಳು ಜಾರಿತೋ, ಆ ಚಿಲಕ ಮತ್ತೆ ಮಗನ ಅರದ ಕೆಳಗೆ. ಒಣಗಿದ ಕೈಯಲ್ಲಿ ಬಾತ್‌ರೂಮಿನ ಬಾಗಿಲು ಯಾವ ಮಹಾರಾಯ ತೆಗೆಯುತ್ತಾನೆ ಎನ್ನುವುದು ಅವಳ ವಾದ. ಹಿಂದೊಮ್ಮೆ ಅವಳು ಬಾತ್‌ರೂಮಿನಲ್ಲಿ ಬಿದ್ದದ್ದಂತೂ ನಿಜ. ಬಾಗಿಲು ಒಳಗಿನಿಂದ ಹಾಕಿತ್ತು. ಪಕ್ಕದ ಮನೆಯವರು ಹಾರೆ ತಂದು ಒಡೆಯುವಷ್ಟರಲ್ಲಿ ಮಕ್ಕಳಿಬ್ಬರ ಜೀವ ಬಾಯಿಗೆ ಬಂದಿತ್ತು. ಸೊಂಟದ ಮೂಳೆ ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು. ಆಗಲೇ ತಮ್ಮ ಈ ಚಿಲಕ ಮಾಡಿದ್ದು. ಒಳಗಿನಿಂದ ಹಾಕಿಕೊಂಡಿದ್ದರೂ ಹೊರಗಿನಿಂದ ಒಂದು ನಾಣ್ಯ ಸಿಕ್ಕಿಸಿ ತಿರುಗಿಸಿದರೆ ಸಾಕು, ತೆರೆದುಕೊಳ್ಳುತ್ತದೆ.

ಚಿಲಕದಲ್ಲಿ ಕೊಂಕಿರಲಿಲ್ಲ, ಅದನ್ನು ಹೇಳುವ ಬಾಯಲ್ಲಿತ್ತು. ಮಾರಲು ಹೋದಲ್ಲೆಲ್ಲ ಅಕ್ಕ ಹಿತ್ತಾಳೆ, ಸ್ಪ್ರಿಂಗು, ಸ್ಕ್ರೂ ಎಂದು ಪಾಠ ಒಪ್ಪಿಸುವಳು. ಎದುರಿಗಿದ್ದವರು ಆಕಳಿಕೆ ನುಂಗಿಕೊಂಡು ತಲೆಯಾಡಿಸುವರು. ಒಬ್ಬ ಬಿಲ್ಡರಂತೂ ಎರಡನೇ ಸಲ ಹೋದಾಗ, "ನೀವು ನಲ್ಲಿಯವರಲ್ವಾ?" ಎಂದು ಕೇಳಿದ್ದ. ಅಂದಿನಿಂದ ತಮ್ಮ ಕೂತಲ್ಲಿ ಕೂರಲಿಲ್ಲ. ಮೊಬೈಲಿನಲ್ಲಿ ಯಾರ್ಯಾರದೋ ಉಪದೇಶ ಕೇಳಿ, ಜನ ಸಾಮಾನು ಮರೆಯುತ್ತಾರೆ, ಕಥೆ ಮರೆಯುವುದಿಲ್ಲ ಎಂಬ ಮಂತ್ರ ಕಲಿತುಬಂದ. ಈ ವೃದ್ಧಾಶ್ರಮದ ಆರ್ಡರ್ ಕೈತಪ್ಪಿದರೆ ವರ್ಕ್‌ಶಾಪಿನ ಬಾಗಿಲು ಹಾಕಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಬೆಳಿಗ್ಗೆ ಅಮ್ಮ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ತಾನೂ ಬರುವೆನೆಂದು ಕೋಲು ಹಿಡಿದು ನಿಂತಿದ್ದಳು. ಅಲ್ಲಿ ಮೆಟ್ಟಿಲು ಜಾಸ್ತಿ ಎಂದು ತಮ್ಮ ಅವಳನ್ನು ಒಳಗೆ ಕಳಿಸಿದ್ದ. ಇಲ್ಲಿ ನೋಡಿದರೆ ಮೆಟ್ಟಿಲೇ ಇರಲಿಲ್ಲ.

ಅಷ್ಟು ಹೊತ್ತು ಫೋನು ತೀಡುತ್ತಿದ್ದ ಮ್ಯಾನೇಜರಮ್ಮ ಈಗ ಅದನ್ನು ಮಗುಚಿಟ್ಟರು. ಇಲ್ಲಿಯೂ ಒಬ್ಬರು ಹಾಗೇ ಹೋದರೆಂದೂ, ಅಂದು ಬಾಗಿಲು ತಟ್ಟುತ್ತ ನಿಂತವಳು ತಾನೇ ಎಂದೂ ಮೆಲ್ಲಗೆ ಹೇಳಿದರು. ಆಮೇಲೆ ತಮ್ಮನನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು.

"ನಿಮ್ಮಮ್ಮ ಕೂಗಿದ್ರಾ?"

ಅಕ್ಕನ ಕುರ್ಚಿ ಅವಳಿಗೆ ಚುಚ್ಚತೊಡಗಿತು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಮೇಜಿನ ಕೆಳಗೆ ತಮ್ಮನ ಕಾಲು ಹೊಲಿಗೆ ಯಂತ್ರದಂತೆ ಕುಣಿಯುತ್ತಿತ್ತು.

"ಕೂಗಿದ್ರು," ಎಂದಳು. ಅದು ಸುಳ್ಳಲ್ಲ.

ಮ್ಯಾನೇಜರಮ್ಮ ಕಣ್ಣೊರೆಸಿಕೊಂಡರು. ಎಲ್ಲ ಕೋಣೆಗಳಿಗೂ ಇದೇ ಚಿಲಕ ಹಾಕಿಸುವುದಾಗಿಯೂ, ಕಾಗದಪತ್ರ ನಾಳೆಯೇ ಮಾಡಿಸುವುದಾಗಿಯೂ ಹೇಳಿದರು. ಬರುವಾಗ ಅಮ್ಮನದೊಂದು ಫೋಟೋ ತರಬೇಕಂತೆ. ಮುಂಭಾಗದ ಹಾಲ್‌ನಲ್ಲಿ ತೂಗುಹಾಕಿ, ಈ ಚಿಲಕಗಳು ಇವರ ನೆನಪಿಗೆ ಎಂದು ಕೆಳಗೆ ಬರೆಸುತ್ತಾರಂತೆ. ತಮ್ಮ ಹಿಂದೆಮುಂದೆ ನೋಡದೆ ಆಗಲಿ ಎಂದ.

ಗೇಟು ದಾಟಿದ ಮೇಲೆ ಅಕ್ಕ ದಾಪುಗಾಲು ಹಾಕಿದಳು. ಸ್ಯಾಂಪಲ್ಲಿನ ಚೀಲ ಹೊತ್ತ ತಮ್ಮ ಹಿಂದಿನಿಂದ ಓಡಿಬಂದ.

"ಏನೋ ಬಾಯಿಗೆ ಬಂತು, ಹೇಳ್ಬಿಟ್ಟೆ ಅಕ್ಕ."

"ಅಂಥ ಮಾತು ಬಾಯಿಗೆ ತಾನಾಗಿ ಬರಲ್ಲ ಕಣೋ. ಅಮ್ಮನ್ನ ಮನೇಲೇ ಕೊಂದು ಹೊರಟಿದ್ದೆ ನೀನು."

"ನೀನೂ ಬಾಯಿ ಬಿಡಲಿಲ್ಲವಲ್ಲ."

ಅಕ್ಕ ಥಟ್ಟನೆ ನಿಂತು ಗೇಟಿನ ಕಡೆ ಹಿಂತಿರುಗಿದಳು. ಕಾವಲಿನವನು ಏನು ಮರೆತಿರೆಂದು ಕೇಳಿದ. ಏನೂ ಇಲ್ಲವೆಂದು ಮತ್ತೆ ಬಸ್‌ಸ್ಟಾಪಿನ ಕಡೆ ನಡೆದಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ದಾರಿಯುದ್ದಕ್ಕೂ ನಿಂತೇ ಬಂದಳು. ಅಮ್ಮ ಆ ಹಾಲ್‌ಗೆ ಯಾಕೆ ಹೋಗುತ್ತಾಳೆ, ಒಂದು ಫೋಟೋದಿಂದ ಯಾರ ಗಂಟು ಹೋಗುತ್ತದೆ ಎಂದು ತಮ್ಮ ಕಿವಿಯ ಹತ್ತಿರ ಗುನುಗುತ್ತಲೇ ಇದ್ದ. ಅವಳಿಗೆ ಅವನ ಮೇಲೆ ಸಿಟ್ಟು ಬಂದಿತ್ತು. ತನ್ನ ಮೇಲೆ ಹೇಸಿಗೆ ಹುಟ್ಟಿತ್ತು, ಯಾಕೆಂದರೆ ಯಾವ ಫೋಟೋ ಕೊಡುವುದೆಂದು ಒಳಗೊಳಗೇ ಅವಳೂ ಹುಡುಕುತ್ತಿದ್ದಳು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾದಿದ್ದಳು. ಚಪ್ಪಲಿ ಬಿಡುವುದಕ್ಕೂ ಬಿಡದೆ ಆರ್ಡರ್ ಏನಾಯಿತೆಂದು ಕೇಳಿದಳು. ಸಿಕ್ಕಿತೆಂದು ತಮ್ಮ ಹೇಳಿದಾಗ ಅವಳಿಗೆ ನಂಬಿಕೆ ಬರಲಿಲ್ಲ. ಎಲ್ಲ ಕೋಣೆಗಳಿಗೂ ಎಂದು ಮತ್ತೊಮ್ಮೆ ಹೇಳಿಸಿಕೊಂಡಳು. ಮುಖ ಊರಗಲವಾಯಿತು. ಕುರ್ಚಿ ಎಳೆದುಕೊಂಡು ಕೂತು, ಅಲ್ಲಿ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿ ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನು ಬಿದ್ದಿದ್ದು ಹೇಳಿದ್ರಾ?"

"ಹೇಳಿದ್ವಿ ಅಮ್ಮ," ಎಂದಳು ಅಕ್ಕ.

"ಬೀಳೋಕೇನು, ಯಾರು ಬೇಕಾದ್ರೂ ಬೀಳ್ತಾರೆ," ಎಂದಳು ಅಮ್ಮ. "ಎದ್ದಿದ್ದು ಹೇಳಿದ್ರಾ?"